ಉಪ್ಪುಕೆರೆ ರಸ್ತೆಯಲ್ಲಿ ಅವಳು ತಿರುಗಿ ನೋಡಿದ್ದು

ಹ್ಯಾಲಮ್ ಬೇ,
ದಕ್ಷಿಣ ಆಸ್ಟ್ರೇಲಿಯಾ
೨ ಜೂನ್ ೨೦೨೪, ಭಾನುವಾರ

ಪ್ರೀತಿಯ ಗ್ಲೆಂಡಾ,

ನಿನ್ನ ಎರಡು ಕಾಗದಗಳೂ ಬಂದಿವೆ. ಮೊದಲನೆಯದಕ್ಕೇ ಉತ್ತರ ಬರೆಯಬೇಕಿತ್ತು. ಎರಡನೆಯದರಲ್ಲಿ “ಮರ್ಲ್, ಬದುಕಿದ್ದೀಯೇನೇ?” ಎಂದು ನೀನು ಕೇಳಿದ್ದನ್ನು ಓದಿ ನಾಚಿಕೆಯಾಯಿತು. ಬದುಕಿದ್ದೇನೆ. ಕಣ್ಣಿನ ಪೊರೆ ತೆಗೆಸಿಕೊಂಡೆ, ಅದಕ್ಕೇ ಬರೆಯಲಾಗಲಿಲ್ಲ ಎಂದು ಹೇಳಬಹುದಿತ್ತು. ಆದರೆ ಅದು ಏಪ್ರಿಲ್‌ನಲ್ಲೇ ಮುಗಿಯಿತು, ಈಗ ಸೂಜಿಗೆ ದಾರ ಪೋಣಿಸುವಷ್ಟು ಚೆನ್ನಾಗಿ ಕಾಣುತ್ತದೆ. ಬರೆಯಲು ಕೂತಾಗಲೆಲ್ಲ ನಿನ್ನ ಹೆಸರು ಬರೆದು ಅಲ್ಲಿಗೇ ನಿಂತುಬಿಡುತ್ತಿದ್ದೆ. ನಿನ್ನ ಕಿವಿ ಮೊದಲಿನಂತಿದ್ದರೆ ಫೋನಿನಲ್ಲೇ ಹೇಳಿಬಿಡುತ್ತಿದ್ದೆನೇನೋ. ಇಲ್ಲ, ಅದೂ ಸುಳ್ಳು. ಫೋನಿನಲ್ಲಿ ನನ್ನಿಂದ ಆಗುತ್ತಿರಲಿಲ್ಲ.

ಇಲ್ಲಿ ಬಿತ್ತನೆ ಮುಗಿದಿದೆ. ಕ್ಲೆಮ್‌ನ ಮೊಣಕಾಲು ಹಾಗೇ ಇದೆ, ಡಾಕ್ಟರು ಹೇಳಿದ ವ್ಯಾಯಾಮ ಮಾಡುವುದಿಲ್ಲ, ಮಾಡಿದೆ ಎಂದು ಕಟ್ಟಿಕೊಂಡ ಹೆಂಡತಿಗೇ ಹೇಳುತ್ತಾನೆ. ಸಮುದ್ರದೊಳಕ್ಕೆ ಚಾಚಿದ ಜೆಟ್ಟಿಯ ತುದಿಯ ಹಲಗೆಗಳು ಕೊಳೆತಿವೆ ಎಂದು ಅರ್ಧಕ್ಕೆ ಬೇಲಿ ಹಾಕಿದ್ದಾರೆ. ನಿನ್ನ ಮೊಮ್ಮಗಳು ಈಜಿನಲ್ಲಿ ಗೆದ್ದದ್ದು ಕೇಳಿ ಸಂತೋಷವಾಯಿತು. ಎಸ್ಪೆರೆನ್ಸಿನ ಆ ತಣ್ಣನೆಯ ನೀರಿನಲ್ಲಿ ಈಜುವವಳು ಎಲ್ಲಿ ಬೇಕಾದರೂ ಈಜಿಯಾಳು.

ನೀನು ಕೇಳಿದ್ದು ಒಂದೇ ಪ್ರಶ್ನೆ. ಆ ಸಿನಿಮಾ ಈಗ ನಿಮ್ಮ ಕಡೆ ಟಿವಿಯಲ್ಲೂ ಬರುತ್ತಿದೆ, ಅದನ್ನು ನೋಡಲೋ ಬೇಡವೋ, ಅದರಲ್ಲಿ ನಿನ್ನ ತಮ್ಮ ಲಿಂಡ್ಸೆಯನ್ನು ಏನು ಮಾಡಿದ್ದಾರೆ ಎಂದು. ಅದಕ್ಕೆ ಉತ್ತರ ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕು.

ಮಾರ್ಚ್ ಹತ್ತರ ಭಾನುವಾರ ಮಧ್ಯಾಹ್ನ ನಮ್ಮ ಊರಿನ ಸಭಾಂಗಣದಲ್ಲೇ ಮೊದಲ ಪ್ರದರ್ಶನ ಇಟ್ಟಿದ್ದರು. ಸಿನಿಮಾ ಮಾಡಿದ ಹುಡುಗಿ ಝೋಯಿ, ಎರಡು ವರ್ಷದ ಹಿಂದೆ ನನ್ನ ಅಡುಗೆಮನೆಯಲ್ಲಿ ಕೂತು ನನ್ನ ತಂಗಿ ಕೋರಲ್ ಬಗ್ಗೆ ಕೇಳಿ ಕೇಳಿ ಬರೆದುಕೊಂಡಿದ್ದಳಲ್ಲ, ಅವಳೇ ಹಟ ಹಿಡಿದು ಊರಿನವರು ಮೊದಲು ನೋಡಬೇಕು ಎಂದಿದ್ದಳಂತೆ. ನನ್ನನ್ನೂ ಕ್ಲೆಮ್‌ನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು. ಕಾಣೆಯಾದವಳ ಅಕ್ಕ ಎಂದರೆ ಮುಂದಿನ ಸಾಲು. ಹೆಂಗಸರು ತೆಂಗಿನತುರಿಯ ಕೇಕು ಮಾಡಿ ತಂದಿದ್ದರು. ಕೊಲೆಯ ಸಿನಿಮಾಕ್ಕೂ ನಮ್ಮೂರಿನವರಿಗೆ ಕೇಕು ಬೇಕು ನೋಡು.

ಲಿಂಡ್ಸೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅವನ ಪಾತ್ರ ಮಾಡಿದ ಹುಡುಗ ಅವನಿಗಿಂತ ಎತ್ತರ, ಅವನಷ್ಟು ಚೆಂದ ಇಲ್ಲ. ಕೋರಲ್ ಜೊತೆ ಅವನು ಕಾರಿನ ಮೇಲೆ ಕೂತು ಕಿತ್ತಳೆ ಸುಲಿಯುವ ದೃಶ್ಯ ಒಂದಿದೆ, ಅದು ಚೆನ್ನಾಗಿದೆ. ಆಮೇಲೆ ಪೊಲೀಸರು ಅವನ ಕಾರಿನಲ್ಲಿ ಅವಳ ತಲೆಗೆ ಕಟ್ಟುವ ಬಟ್ಟೆ ಹುಡುಕಿ ತೆಗೆಯುತ್ತಾರೆ. ಅವಳು ಒಂದು ವರ್ಷದಿಂದ ಅದೇ ಕಾರಿನಲ್ಲಿ ಓಡಾಡುತ್ತಿದ್ದವಳು, ಅದು ಅಲ್ಲಿ ಇರದೆ ಇನ್ನೆಲ್ಲಿರುತ್ತದೆ ಎಂದು ಅವತ್ತೂ ಯಾರೂ ಕೇಳಲಿಲ್ಲ, ಸಿನಿಮಾದಲ್ಲೂ ಕೇಳುವುದಿಲ್ಲ. ಅವನೇ ಕೊಂದ ಎಂದು ಸಿನಿಮಾ ಹೇಳುವುದಿಲ್ಲ. ಅಲ್ಲ ಎಂದೂ ಹೇಳುವುದಿಲ್ಲ. ಅವನನ್ನು ಹಾಗೇ ನಡುವೆ ಬಿಟ್ಟಿದ್ದಾರೆ, ಊರು ಬಿಟ್ಟ ಹಾಗೆ.

ಕೊನೆಗೆ ಬರುವ ಒಂದು ದೃಶ್ಯದ ಬಗ್ಗೆ ಎಲ್ಲರೂ ಮಾತಾಡುತ್ತಿದ್ದಾರೆ, ಪತ್ರಿಕೆಗಳಲ್ಲೂ ಬಂದಿದೆ. ನಿನ್ನ ಮಗಳೂ ನೋಡಿರುತ್ತಾಳೆ. ಕೋರಲ್ ಕಾಣೆಯಾದ ಆ ಶನಿವಾರ ಸಂಜೆ ನಾಲ್ಕರ ಸುಮಾರಿಗೆ ಹೆದ್ದಾರಿಯಲ್ಲಿ ಬಿಳಿಯ ಗಾಡಿಯ ಪಕ್ಕ ಒಬ್ಬ ಹುಡುಗಿ ನಿಂತದ್ದನ್ನು ಕಂಡೆ ಎಂದು ಎಣ್ಣೆ ಟ್ಯಾಂಕರಿನ ಡ್ರೈವರ್ ಒಬ್ಬ ಹೇಳಿದ್ದ, ನೆನಪಿದೆಯಾ? ಕುಡುಕ, ದಿನವೇ ನೆನಪಿಲ್ಲದವ ಎಂದು ಅವನ ಮಾತನ್ನು ತಳ್ಳಿಹಾಕಿದ್ದರು. ಝೋಯಿ ಅವನ ಮಾತನ್ನು ಹಿಡಿದುಕೊಂಡಿದ್ದಾಳೆ. ಉಪ್ಪುಕೆರೆಯ ಪಕ್ಕದ ರಸ್ತೆ. ಕೋರಲ್ ಚೀಲ ಕೆಳಗಿಟ್ಟು ನಿಂತಿದ್ದಾಳೆ. ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿಯಿರುವ ಬಿಳಿಯ ಯೂಟ್ ಗಾಡಿಯೊಂದು ಬಂದು ನಿಲ್ಲುತ್ತದೆ. ಒಳಗೆ ಯಾರಿದ್ದಾರೋ ಕಾಣುವುದಿಲ್ಲ. ಅವಳು ಕಿಟಕಿಗೆ ಕೈಯಿಟ್ಟು ಏನೋ ಮಾತಾಡುತ್ತಾಳೆ, ನಮಗೆ ಗಾಳಿಯ ಸದ್ದು ಮಾತ್ರ ಕೇಳುತ್ತದೆ. ಬಾಗಿಲು ತೆಗೆದು ಮೆಟ್ಟಿಲ ಮೇಲೆ ಒಂದು ಕಾಲಿಡುತ್ತಾಳೆ. ಇನ್ನೇನು ಹತ್ತಬೇಕು, ಆಗ ತಿರುಗಿ ರಸ್ತೆಯ ಕಡೆ ನೋಡುತ್ತಾಳೆ. ಬಹಳ ಹೊತ್ತು ನೋಡುತ್ತಾಳೆ. ಮುಖದಲ್ಲಿ ಏನೋ ಬಂದು ಹೋಗುತ್ತದೆ. ಕೈ ಅರ್ಧಕ್ಕೆ ಏಳುತ್ತದೆ. ಆಮೇಲೆ ಪರದೆಯೆಲ್ಲ ಉಪ್ಪಿನ ಬಿಳುಪು, ಸಿನಿಮಾ ಮುಗಿಯುತ್ತದೆ.

ಕ್ಲೆಮ್ ಅದಕ್ಕೆ ಮೊದಲೇ ನಿದ್ದೆ ಹೋಗಿದ್ದ, ಇಡೀ ಸಭಾಂಗಣಕ್ಕೆ ಅವನ ಗೊರಕೆಯೊಂದೇ ಕೇಳುತ್ತಿತ್ತು.

ಆಮೇಲೆ ಚಹಾ. ಚಹಾದ ಜೊತೆ ಎಲ್ಲರದೂ ಒಂದೊಂದು ಅರ್ಥ. ತಲೆಗೂದಲು ಕತ್ತರಿಸುವ ಡೆನಿಸ್ ಹೇಳಿದಳು, “ಅವ್ಳು ನಗ್ತಾಳೆ ಕಣ್ರೇ, ತುಟಿ ನೋಡಿದ್ರಾ? ಗಾಡೀಲಿರೋನು ಗೊತ್ತಿರೋನೇ. ಯಾರು ಅಂತ ನಾನು ಬಾಯ್ಬಿಟ್ಟು ಹೇಳ್ಬೇಕಾ?” ಲಿಂಡ್ಸೆಯ ಹತ್ತಿರ ಯೂಟ್ ಇರಲಿಲ್ಲವಲ್ಲ ಎಂದು ಯಾರೋ ಅಂದರು. “ಯಾರದ್ದೋ ತಂದಿರ್ತಾನೆ” ಎಂದಳು. ಅವನು ಸತ್ತು ಹದಿನೈದು ವರ್ಷವಾಯಿತು, ಇನ್ನೂ ಅವನ ಕೈಗೆ ಗಾಡಿ ಕೊಡುತ್ತಾರೆ. ಹಳೆ ಬಟ್ಟೆ ಅಂಗಡಿಯ ಎಡ್ನಾಗೆ ಅದು ನಗೆಯಲ್ಲ, ಹೆದರಿಕೆ. ತಪ್ಪು ಗಾಡಿ ಹತ್ತುತ್ತಿದ್ದೇನೆ ಎಂದು ಹುಡುಗಿಗೆ ಆಗಲೇ ಗೊತ್ತಾಗಿದೆಯಂತೆ. ಪಾದ್ರಿಗಳು ಕಪ್ಪು ಹಿಡಿದುಕೊಂಡು, ಅವಳು ನೋಡುವುದು ನಮ್ಮನ್ನೇ, ನೋಡುತ್ತ ಕೂತಿರುವ ನಮ್ಮೆಲ್ಲರನ್ನು ಎಂದರು. ಎಲ್ಲರೂ ತಲೆಯಾಡಿಸಿದರು. ಅದು ಚೆಂದದ ಅರ್ಥ, ಎಲ್ಲರ ಮೇಲೂ ಸಮವಾಗಿ ಹಂಚಿಹೋಗುತ್ತದೆ, ಯಾರಿಗೂ ಭಾರವಾಗುವುದಿಲ್ಲ.

ಆಮೇಲೆ ಡೆನಿಸ್ ನನ್ನ ಕಡೆ ತಿರುಗಿ ಕೇಳಿದಳು. “ನೀವು ಅಕ್ಕ. ನಿಮಗೇನನ್ನಿಸ್ತು ಮರ್ಲ್?”

ನನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದೆ. ಆಗಿನ್ನೂ ಪೊರೆ ತೆಗೆಸಿರಲಿಲ್ಲವಲ್ಲ.

ಕಪ್ಪು ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಝೋಯಿ ಒರೆಸಲು ಬಂದಳು. ಒಳ್ಳೆಯ ಹುಡುಗಿ ಗ್ಲೆಂಡಾ, ನೀನು ಅವಳ ಮೇಲೆ ಸಿಟ್ಟಾಗಬೇಡ. ನಾನು ಬೆನ್ನು ಮಾಡಿಕೊಂಡೇ ಕೇಳಿದೆ, ಆ ನೋಟ ಎಲ್ಲಿಂದ ತಂದೆ, ಟ್ಯಾಂಕರಿನವನು ಹಾಗೆ ಹೇಳಿರಲಿಲ್ಲವಲ್ಲ ಎಂದು. ಅವಳು ಸುತ್ತ ನೋಡಿ ದನಿ ತಗ್ಗಿಸಿ ನಕ್ಕಳು.

“ಯಾರಿಗೂ ಹೇಳ್ಬೇಡಿ ಆಂಟಿ. ಅದು ನಾನು ಬರೆದದ್ದೇ ಅಲ್ಲ. ಶೂಟಿಂಗ್ ಮಾಡ್ತಿರುವಾಗ ರಸ್ತೆ ಬಂದ್ ಮಾಡಿದ್ರೂ ಯಾರೋ ಕಾರು ತಗೊಂಡು ಬಂದುಬಿಟ್ರು. ಆ ಹುಡುಗಿ ತಿರುಗಿ ಕಾರು ನೋಡಿದ್ಲು, ನಿಲ್ಲಿಸ್ತಾರೇನೋ ಅಂದ್ಕೊಂಡು ಕೈ ಎತ್ತಿದ್ಲು. ಆಮೇಲೆ ನೋಡಿದ್ರೆ ಆ ಮುಖ ಎಷ್ಟು ಚೆನ್ನಾಗಿ ಬಂದಿತ್ತು. ಹಾಗೇ ಇಟ್ಕೊಂಡ್ವಿ. ಕಾರನ್ನು ಮಾತ್ರ ಕಂಪ್ಯೂಟರಿನಲ್ಲಿ ಅಳಿಸಿದ್ವಿ.”

ನನ್ನ ಕೈಯಲ್ಲಿ ಯಾರದೋ ಕಪ್ಪು ಇತ್ತು. ಅದನ್ನು ಎಷ್ಟು ಹೊತ್ತು ತೊಳೆದೆನೋ, ಅವಳೇ ಬಂದು ನಲ್ಲಿ ನಿಲ್ಲಿಸಿದಳು.

ಮನೆಗೆ ಬಂದಮೇಲೆ, ಝೋಯಿ ಕೊಟ್ಟಿದ್ದ ಪ್ರತಿ ಹಾಕಿಕೊಂಡು, ನಾನು ಆ ಸಿನಿಮಾ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಪೂರ್ತಿ ನೋಡುವುದಿಲ್ಲ, ಆ ಕೊನೆಯದನ್ನು ಮಾತ್ರ. ಕ್ಲೆಮ್ ಹೊಲಕ್ಕೆ ಹೋದಾಗ ಹಚ್ಚುತ್ತಿದ್ದೆ. ಕಣ್ಣಿನ ಪೊರೆ ತೆಗೆದಮೇಲೆ ಇನ್ನೂ ಸ್ಪಷ್ಟವಾಗಿ ಕಂಡಿತು. ಮೇ ತಿಂಗಳ ಒಂದು ಬೆಳಿಗ್ಗೆ ಅವನು ಊಟದ ಡಬ್ಬಿ ಮರೆತು ವಾಪಸು ಬಂದ. ನಾನು ಟಿವಿಯ ಮುಂದೆ ನೆಲದ ಮೇಲೆ ಕೂತಿದ್ದೆ. ಏನಾಯಿತು ಎಂದು ಕೇಳಿದ. ನಲವತ್ತಾರು ವರ್ಷ ನಾನು ಯಾರಿಗೂ ಹೇಳದೆ ಇದ್ದದ್ದನ್ನು ಡಬ್ಬಿ ಕೈಯಲ್ಲಿ ಹಿಡಿದು ನಿಂತಿದ್ದ ಕ್ಲೆಮ್‌ಗೆ ಹೇಳಿದೆ. ಈಗ ನಿನಗೆ ಹೇಳುತ್ತೇನೆ. ಕೂತುಕೊಂಡು ಓದು.

ಆ ದಿನ ನಾನು ಅವಳನ್ನು ನೋಡಿದೆ.

ಬೆಳಿಗ್ಗೆ ನಾನು ಅಮ್ಮನ ನರಗಳ ಮಾತ್ರೆ ತರಲು ಪಕ್ಕದ ಊರಿಗೆ ಹೋಗಿದ್ದು ನಿನಗೆ ಗೊತ್ತು. ಎರಡು ಗಂಟೆಗೇ ಮನೆಗೆ ಬಂದು ಮಲಗಿದ್ದೆ ಎಂದು ಪೊಲೀಸರಿಗೆ ಹೇಳಿದ್ದೂ ಗೊತ್ತು. ಅದು ಸುಳ್ಳು. ಔಷಧಿ ಹನ್ನೊಂದೂವರೆಗೇ ಸಿಕ್ಕಿತ್ತು. ನನಗೆ ಮನೆಗೆ ಬರಲು ಮನಸ್ಸಾಗಲಿಲ್ಲ. ಅಲ್ಲಿಯ ಸಮುದ್ರದ ಮುಂದೆ ಅಪ್ಪನ ಹಳೆಯ ಹೋಲ್ಡನ್ ಕಾರು ನಿಲ್ಲಿಸಿ ಸುಮ್ಮನೆ ಕೂತಿದ್ದೆ, ಮೂರು ಗಂಟೆ ದಾಟುವವರೆಗೂ. ಅಮ್ಮ ಮಾತ್ರೆಯ ನಿದ್ದೆಯಲ್ಲಿದ್ದಳು, ನಾನು ಬಂದದ್ದು ಯಾವಾಗ ಎಂದು ಹೇಳಲು ಯಾರೂ ಇರಲಿಲ್ಲ.

ವಾಪಸು ಬರುವಾಗ ನಾಲ್ಕು ಗಂಟೆ. ಉಪ್ಪುಕೆರೆಯ ಹತ್ತಿರ ಬಿಳಿಯ ಯೂಟ್ ನಿಂತಿತ್ತು. ಒಬ್ಬ ಹುಡುಗಿ ಅದನ್ನು ಹತ್ತುತ್ತಿದ್ದಳು. ಬಿಸಿಲು ಎದುರಿನಿಂದ ಹೊಡೆಯುತ್ತಿತ್ತು. ಅವಳೇ ಎಂದು ಹೊಳೆಯುವಷ್ಟರಲ್ಲಿ ದಾಟಿ ಮುಂದೆ ಬಂದುಬಿಟ್ಟಿದ್ದೆ. ಒಳಗಿದ್ದವನು ಯಾರೆಂದು ಕಾಣಲಿಲ್ಲ. ಒಂದು ಗಂಟೆಯ ಅಡಿಲೇಡ್ ಬಸ್ಸಿಗೆ ಹೊರಟವಳು ನಾಲ್ಕಕ್ಕೆ ಅಲ್ಲಿ ಯಾಕಿದ್ದಳು, ಬಸ್ಸು ಯಾಕೆ ತಪ್ಪಿಸಿಕೊಂಡಳು, ನನಗೆ ಇವತ್ತಿಗೂ ಗೊತ್ತಿಲ್ಲ.

ಅಡಿಲೇಡಿಗೆ ಹೋಗಿ ಎರಡು ದಿನದಲ್ಲಿ ಫೋನ್ ಮಾಡುತ್ತಾಳೆ ಎಂದುಕೊಂಡಿದ್ದೆ. ಆ ಸಂಜೆ ಅಮ್ಮ ಎದ್ದು, “ಕೋರಲ್ ಹೋಗೋವಾಗ ಸಿಕ್ಕಿದ್ಲಾ?” ಎಂದು ಕೇಳಿದಾಗ ಇಲ್ಲ ಎಂದೆ. ಅಷ್ಟೇ ಗ್ಲೆಂಡಾ. ಒಂದು ಇಲ್ಲ. ಐದನೆಯ ದಿನ ಪೊಲೀಸರು ಬಂದಾಗ ಅಮ್ಮ ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ನೋಡಿದೆ ಎಂದರೆ ಅವಳು ನನ್ನ ಕಡೆ ತಿರುಗಿ ಯಾಕೆ ನಿಲ್ಲಿಸಲಿಲ್ಲ ಎಂದು ಕೇಳುತ್ತಿದ್ದಳು. ಅದಕ್ಕೆ ಹೆದರಿ ಮತ್ತೆ ಇಲ್ಲ ಎಂದೆ. ಆಮೇಲೆ ಅದನ್ನು ಹಿಂದೆಗೆದುಕೊಳ್ಳುವುದು ಪ್ರತಿದಿನ ಇನ್ನಷ್ಟು ಕಷ್ಟವಾಗುತ್ತ ಹೋಯಿತು. ಅಮ್ಮ ಸತ್ತ ಮೇಲೆ ಹೇಳೋಣ ಎಂದುಕೊಂಡೆ. ಅವಳು ಹದಿನೆಂಟು ವರ್ಷ ಬದುಕಿದಳು. ಅವಳು ಸತ್ತ ಮೇಲೂ ಹೇಳಲಿಲ್ಲ.

ಇದರ ಅರ್ಥ ಏನೆಂದು ನಿನಗೆ ಆಗಲೇ ಹೊಳೆದಿರುತ್ತದೆ. ಅವಳು ಬಸ್ಸು ಹತ್ತಲಿಲ್ಲ, ಆದ್ದರಿಂದ ಮಧ್ಯಾಹ್ನ ಹನ್ನೆರಡರಿಂದ ಒಂದರೊಳಗೆ ಏನೋ ಆಗಿದೆ ಎಂದು ಪೊಲೀಸರು ತೀರ್ಮಾನಿಸಿದ್ದರು. ಲಿಂಡ್ಸೆ ಗೋಧಿ ತುಂಬಿಡುವ ಸೈಲೋದ ಕೆಲಸಕ್ಕೆ ಹೋದದ್ದು ಎರಡಕ್ಕೆ. ಅದಕ್ಕೆ ಮುಂಚೆ ಎಲ್ಲಿದ್ದ ಎಂಬುದಕ್ಕೆ ಸಾಕ್ಷಿ ಇರಲಿಲ್ಲ. ಆದರೆ ನಾಲ್ಕು ಗಂಟೆಗೆ ಅವನು ಹನ್ನೊಂದು ಜನರ ಕಣ್ಣ ಮುಂದೆ ಸೈಲೋದಲ್ಲಿದ್ದ. ಆ ಹನ್ನೊಂದರಲ್ಲಿ ಕ್ಲೆಮ್ ಕೂಡ ಒಬ್ಬ. ನಾನು ಒಂದು ಮಾತು ಹೇಳಿದ್ದರೆ ಟ್ಯಾಂಕರಿನವನ ಮಾತಿಗೆ ಬಲ ಬರುತ್ತಿತ್ತು. ನಿನ್ನ ತಮ್ಮ ಊರು ಬಿಡಬೇಕಾಗುತ್ತಿರಲಿಲ್ಲ. ನಿಮ್ಮ ಅಮ್ಮ ಬೇಕರಿಗೆ ಹೋದಾಗ ಅಂಗಡಿಯವರು ಬ್ರೆಡ್ ಮುಗಿದಿದೆ ಎಂದು, ಹಿಂದೆ ಸಾಲಾಗಿ ಬ್ರೆಡ್ ಇಟ್ಟುಕೊಂಡೇ, ಹೇಳುತ್ತಿರಲಿಲ್ಲ. ಗಣಿಯ ಊರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಐವತ್ತೆರಡನೇ ವರ್ಷಕ್ಕೆ ಅವನು ಒಬ್ಬನೇ ಸಾಯುತ್ತಿರಲಿಲ್ಲ.

ಕ್ಲೆಮ್ ಕೇಳಿ ಡಬ್ಬಿಯನ್ನು ಅಲ್ಲೇ ಇಟ್ಟು ಹೊರಗೆ ಹೋದ. ಎರಡು ದಿನ ಶೆಡ್ಡಿನಲ್ಲೇ ಇದ್ದ. ಮೂರನೆಯ ದಿನ ಬೆಳಿಗ್ಗೆ ಚಹಾ ಮಾಡಿ ನನ್ನ ಮುಂದಿಟ್ಟು ಕೂತ. ಎಪ್ಪತ್ತೊಂಬತ್ತರಲ್ಲಿ ಪಬ್ಬಿನ ಹಿತ್ತಲಲ್ಲಿ ಕ್ಲೆಮ್ ಲಿಂಡ್ಸೆಗೆ ಹೊಡೆದು ಹಲ್ಲು ಮುರಿದದ್ದು ನೀನು ಮರೆತಿಲ್ಲ, ಮರೆಯಲೂ ಬೇಡ.

“ಅವ್ನಿಗೆ ಹೊಡ್ದು ಬಂದಾಗ ನನ್ನ ಕೈ ಒಡೆದಿತ್ತು” ಎಂದ. “ನೀನು ಬಿಸಿನೀರಲ್ಲಿ ತೊಳೆದು ಬಟ್ಟೆ ಕಟ್ದೆ. ನೆನಪಿದೆಯಾ?”

“ನೆನಪಿದೆ.”

“ಗೊತ್ತಿದ್ದೂ ಕಟ್ದೆ.”

ಅಷ್ಟು ಹೇಳಿ ಅವನು ಕಾರಿನ ಕೀಲಿ ತೆಗೆದುಕೊಂಡ. ನಾನು ಕೋಟು ಹಾಕಿಕೊಂಡೆ. ಎಲ್ಲಿಗೆ ಎಂದು ಇಬ್ಬರೂ ಕೇಳಲಿಲ್ಲ.

ಠಾಣೆಯಲ್ಲಿ ಈಗ ಮೇಗನ್ ಡಾಲ್ ಎಂಬ ಸಾರ್ಜೆಂಟ್ ಇದ್ದಾಳೆ. ಕೋರಲ್ ಕಾಣೆಯಾದಾಗ ಅವಳು ಹುಟ್ಟೇ ಇರಲಿಲ್ಲ. ನಾನು ಬೈಗುಳಕ್ಕೆ ಸಿದ್ಧವಾಗಿ ಹೋಗಿದ್ದೆ. ಅವಳು ಬೈಯಲಿಲ್ಲ. ಎರಡು ಗಂಟೆ ಕೂತು ಬರೆದುಕೊಂಡಳು, ಓದಿ ಹೇಳಿದಳು, ಸಹಿ ಮಾಡಿಸಿಕೊಂಡಳು. ಒಂದು ಸಲ ಮಾತ್ರ ಪೆನ್ನು ಕೆಳಗಿಟ್ಟು ಕೇಳಿದಳು. “ಇಷ್ಟು ವರ್ಷ ಅವ್ರ ಮನೆಯವರ ಮುಖ ನೋಡಿದ್ದೀರಾ ನೀವು?” ನೋಡಿದ್ದೇನೆ, ಅವನ ಅಕ್ಕ ನನ್ನ ಗೆಳತಿ ಎಂದೆ. ಅವಳು ಮತ್ತೆ ಪೆನ್ನು ತೆಗೆದುಕೊಂಡು ಅದನ್ನೂ ಬರೆದಳು.

ಹೋದ ವಾರ ಅಡಿಲೇಡಿನಿಂದ ಇಬ್ಬರು ಬಂದು ಮತ್ತೆಲ್ಲ ಕೇಳಿ ಹೋದರು. ಟ್ಯಾಂಕರಿನವನು ಅಂದು ಹೇಳಿದ ಬಣ್ಣ, ಜಾಗ, ಹೊತ್ತು ಎಲ್ಲ ನನ್ನ ಮಾತಿಗೆ ಕೂಡಿಬರುತ್ತದಂತೆ. ಅವನೂ ಈಗಿಲ್ಲ. ಯೂಟಿನಲ್ಲಿದ್ದವನು ಯಾರು ಎಂದು ಇನ್ನು ತಿಳಿಯುವುದು ಕಷ್ಟ, ಬದುಕಿದ್ದಾನೋ ಇಲ್ಲವೋ ಎಂದರು. ಆದರೆ ಲಿಂಡ್ಸೆಯ ಮೇಲೆ ಇನ್ನು ಯಾವ ಅನುಮಾನವೂ ಇಲ್ಲ ಎಂದು ಬರೆದು ಕೊಡುತ್ತಾರೆ. ಆ ಕಾಗದ ಅವನ ಹತ್ತಿರದ ಸಂಬಂಧಿ ಎಂದು ನಿನ್ನ ಹೆಸರಿಗೇ ಬರುತ್ತದೆ, ಹದಿನೈದು ದಿನದೊಳಗೆ. ಅದು ನಿನ್ನ ಕೈಸೇರುವ ಮೊದಲು ಇದು ಸೇರಲಿ ಎಂದು ಇವತ್ತು ಹೇಗಾದರೂ ಬರೆದು ಮುಗಿಸಬೇಕೆಂದು ಕೂತಿದ್ದೇನೆ. ಸರ್ಕಾರದವರ ಬಾಯಿಂದ ನೀನು ನನ್ನ ಹೆಸರು ಕೇಳಬಾರದು.

ಡೆನಿಸ್‌ಗೆ ನಾನೇ ಹೋಗಿ ಹೇಳಿದೆ. ಅವಳ ಅಂಗಡಿಯಲ್ಲಿ ಮೂವರು ಕೂತಿದ್ದರು, ಅವರೆದುರಿಗೇ ಹೇಳಿದೆ. ಕತ್ತರಿ ಹಿಡಿದ ಕೈ ಹಾಗೇ ನಿಂತಿತು. ಈಗ ಊರಿನಲ್ಲಿ ನನ್ನೊಡನೆ ಮಾತಾಡುವವರು ಕಡಿಮೆ. ಹೊಸ ಬೇಕರಿಯವರು ಬ್ರೆಡ್ ಕೊಡುತ್ತಾರೆ, ಮುಖ ನೋಡುವುದಿಲ್ಲ. ನಿಮ್ಮಮ್ಮ ಆರು ವರ್ಷ ಅನುಭವಿಸಿದ್ದರಲ್ಲಿ ನಾನು ಆರು ವಾರವನ್ನೂ ಕಂಡಿಲ್ಲ, ದೂರುವ ಹಕ್ಕು ನನಗಿಲ್ಲ.

ಲಿಂಡ್ಸೆಯ ಮಣ್ಣಿನ ದಿನ ಕಾಲ್ಗೂರ್ಲಿಯಲ್ಲಿ ನೀನು ನನ್ನ ಎರಡು ಕೈಯನ್ನೂ ಹಿಡಿದುಕೊಂಡಿದ್ದೆ. “ಇಡೀ ಊರು ಅವ್ನನ್ನ ಕೊಲೆಗಾರ ಅಂತು. ಕೋರಲ್‌ನ ಸ್ವಂತ ಅಕ್ಕ, ನೀನೊಬ್ಳೇ ಒಂದು ದಿನವೂ ನಂಬ್ಲಿಲ್ಲ. ನನಗೆ ಅಷ್ಟೇ ಸಾಕು ಮರ್ಲ್” ಎಂದಿದ್ದೆ. ನಾನು ನಿನ್ನನ್ನು ಅಪ್ಪಿಕೊಂಡೆ. ನಂಬದೆ ಇರಲು ನನಗೆ ಯಾವ ದೊಡ್ಡ ಮನಸ್ಸೂ ಬೇಕಿರಲಿಲ್ಲ, ಗ್ಲೆಂಡಾ. ನನಗೆ ಗೊತ್ತಿತ್ತು. ನಿನ್ನ ಆ ಕೃತಜ್ಞತೆಯನ್ನು ನಾನು ಹದಿನೈದು ವರ್ಷ ಇಟ್ಟುಕೊಂಡೆ. ಕದ್ದದ್ದು ಅದು.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಒಳ್ಳೆಯವಳಾದ್ದರಿಂದ ಕ್ಷಮಿಸಬೇಕೋ ಏನೋ ಎಂದು ಸಂಕಟಪಡುತ್ತೀಯ. ಉತ್ತರ ಬರೆಯದಿದ್ದರೂ ಸರಿ. ಬರೆಯುವುದಾದರೆ ಬೈದೇ ಬರೆ. ಸಿನಿಮಾವನ್ನು ಮಾತ್ರ ನೋಡಬೇಡ. ಆ ಕಾಗದ ಬಂದಮೇಲೆ ಅದನ್ನು ತೆಗೆದುಕೊಂಡು ಲಿಂಡ್ಸೆಯ ಹತ್ತಿರ ಹೋಗಿ ಜೋರಾಗಿ ಓದು. ಕಾಗದದ ಒಂದು ಪ್ರತಿಯನ್ನು ಮೊಮ್ಮಗಳಿಗೆ ತೆಗೆದಿಡು, ಅವಳ ಅಜ್ಜಿಯ ತಮ್ಮ ಎಂಥವನಾಗಿದ್ದ ಎಂದು ಅವಳಿಗೆ ಗೊತ್ತಿರಲಿ. ನಿನ್ನ ಕಿವಿ ಇನ್ನಷ್ಟು ಹೋಗದಿರಲಿ, ನಿನ್ನ ಮಕ್ಕಳು ನಿನ್ನ ಹತ್ತಿರವೇ ಇರಲಿ, ಈ ಚಳಿಗಾಲ ನಿನ್ನ ಎದೆಗೆ ಕಫ ಕಟ್ಟದೆ ದಾಟಲಿ. ಇಷ್ಟು ಹಾರೈಸುವ ಹಕ್ಕು ಉಳಿದಿದೆ ಎಂದುಕೊಂಡಿದ್ದೇನೆ.

ಏಳನೇ ವಯಸ್ಸಿನಿಂದ ನಿನ್ನ ಗೆಳತಿ,
ಮರ್ಲ್

ಮತ್ತೆ ಬರೆದದ್ದು: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ. ಬಿಸಿಲು ಎದುರಿಗಿತ್ತು, ಅವಳೇ ಎಂದು ಹೊಳೆಯುವಷ್ಟರಲ್ಲಿ ದಾಟಿಬಂದೆ ಎಂದು ಮೇಲೆ ಬರೆದಿದ್ದೇನೆ. ಸಾರ್ಜೆಂಟ್‌ಗೂ ಹಾಗೇ ಹೇಳಿದ್ದೇನೆ, ಕ್ಲೆಮ್‌ಗೂ ಹಾಗೇ. ಅದು ಹಾಗಲ್ಲ.

ನಾಲ್ಕು ಗಂಟೆಗೆ ಸೂರ್ಯ ನನ್ನ ಬೆನ್ನ ಹಿಂದಿದ್ದ. ದೂರದಿಂದಲೇ ಅವಳ ಹಳದಿ ಅಂಗಿ ಗುರುತು ಸಿಕ್ಕಿತು. ಆ ಬೆಳಿಗ್ಗೆ ನಾವು ಜಗಳವಾಡಿದ್ದೆವು. ನನಗೆ ನರ್ಸಿಂಗ್ ಕಲಿಯಲು ಕರೆ ಬಂದು ಎರಡು ವರ್ಷವಾಗಿತ್ತು, ಅಮ್ಮನ ಕಾರಣಕ್ಕೆ ಹೋಗಿರಲಿಲ್ಲ. ಈಗ ಇವಳು ಯಾವುದೋ ಅಂಗಡಿಯ ಕೆಲಸಕ್ಕೆ ಹೊರಟು ನಿಂತಿದ್ದಳು. ಅಮ್ಮನನ್ನು ಯಾರು ನೋಡುತ್ತಾರೆ ಎಂದದ್ದಕ್ಕೆ, “ನೀನಿದ್ದೀಯಲ್ಲ” ಎಂದಿದ್ದಳು. ಅದಕ್ಕೇ ನಾನು ಅಷ್ಟು ಹೊತ್ತು ಆ ಸಮುದ್ರ ನೋಡುತ್ತ ಕೂತಿದ್ದು.

ನಾನು ಕಾರು ನಿಧಾನ ಮಾಡಿದೆ. ಬಹಳ ನಿಧಾನ. ಅವಳಿಗೆ ಅಪ್ಪನ ಕಾರು ಗೊತ್ತಾಯಿತು. ಕೈ ಎತ್ತಿದಳು. ಆ ನೋಟದಲ್ಲಿ ಇದ್ದದ್ದು ನಗೆಯೂ ಅಲ್ಲ, ಹೆದರಿಕೆಯೂ ಅಲ್ಲ. ನಮ್ಮಕ್ಕ ಬಂದಳು ಎನ್ನುವುದು ಅಷ್ಟೇ. ಮೆಟ್ಟಿಲ ಮೇಲಿಟ್ಟ ಕಾಲನ್ನು ಮತ್ತೆ ನೆಲಕ್ಕೆ ಇಟ್ಟಳು, ಗ್ಲೆಂಡಾ. ಯೂಟಿನ ಬಾಗಿಲನ್ನು ತಾನೇ ಮುಚ್ಚಿದಳು. ಚೀಲ ಎತ್ತಿಕೊಂಡು ನನ್ನ ಕಡೆ ಎರಡು ಹೆಜ್ಜೆ ಬಂದಳು.

ನಾನು ಅವಳ ಮುಖ ನೋಡಿಯೇ ವೇಗ ಹೆಚ್ಚಿಸಿದೆ.